ಹಾರಸಂಖ್ಯೆ 12345654321: ರಚನೆ, ಅಪವರ್ತನಗಳು, ಮಿತಿ

12345654321 ಹನ್ನೊಂದು ಅಂಕಿಗಳ ಪೂರ್ಣಾಂಕ. ಓದುವಾಗ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಇದರ ಅಂಕಿಗಳು ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಬದಲಾಗದು. ಕಾವ್ಯಶಾಸ್ತ್ರದಲ್ಲಿ ಇಂಥ ಬಂಧಕ್ಕೆ ಗತಪ್ರತ್ಯಾಗತವೆಂದು ಹೆಸರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆ 27994681 × 441 ಎಂಬ ಗುಣಾಕಾರದ ಫಲವಾಗಿ ಬರುತ್ತದೆ. ಕೊರಳ ಹಾರದಂತೆ ಕಾಣುವ ಇಂಥ ಗುಣಲಬ್ಧಗಳು ಆ ಗ್ರಂಥದಲ್ಲಿ ಇನ್ನೂ ಕೆಲವಿವೆ; 12345679 × 9 = 111111111 ಅವುಗಳಲ್ಲೊಂದು.

ಈ ಸಂಖ್ಯೆ 111111ರ ವರ್ಗ. 111111ನ್ನು ಅದರಿಂದಲೇ ಗುಣಿಸಲು ಆರು ಸಾಲು ಬರೆಯಬೇಕು. ಪ್ರತಿ ಸಾಲೂ 111111, ಆದರೆ ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ. ಕೂಡುವಾಗ ಬಲತುದಿಯ ಮನೆಯಲ್ಲಿ ಒಂದು 1, ಅದರ ಎಡಕ್ಕೆ ಎರಡು, ಮುಂದೆ ಮೂರು, ಹೀಗೆ ನಡುಮನೆಯಲ್ಲಿ ಆರು ಬೀಳುತ್ತವೆ. ಅಲ್ಲಿಂದಾಚೆಗೆ ಒಂದೊಂದೇ ಕಡಿಮೆಯಾಗುತ್ತದೆ. ಯಾವ ಮನೆಯ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ಎಡಮನೆಗೆ ಸಾಗಿಸಲು ದಶಕವಿಲ್ಲ. ಆರು ಸಾಲುಗಳಲ್ಲಿ ಆರಾರು ಒಂದುಗಳಿರುವುದರಿಂದಲೇ ಅಂಕಿಗಳ ಮೊತ್ತ 36.

111111 = 111 × 1001. ಇವುಗಳಲ್ಲಿ 111 = 3 × 37, 1001 = 7 × 11 × 13. ಆದ್ದರಿಂದ 12345654321ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಪ್ರತಿಯೊಂದೂ ಎರಡು ಬಾರಿ ಬರುತ್ತದೆ. ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಬಾರಿ ಆರಿಸಬಹುದು. ಹೀಗೆ ಒಟ್ಟು ಭಾಜಕಗಳು 3⁵, ಅಂದರೆ 243. ಅವುಗಳಲ್ಲಿ ಪೂರ್ಣವರ್ಗಗಳು 2⁵, ಅಂದರೆ 32.

ಮಹಾವೀರಾಚಾರ್ಯರ ಲೆಕ್ಕದ ಒಳಗುಟ್ಟು ಇಲ್ಲಿ ತೆರೆದುಕೊಳ್ಳುತ್ತದೆ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ರಲ್ಲಿ 3 ಮತ್ತು 7 ಅಡಗಿದ್ದರೆ, ಉಳಿದ 11, 13, 37 ಸೇರಿ 5291 ಆಗಿದೆ. ಈ ಸಂಖ್ಯೆಯನ್ನು ಎರಡು ವರ್ಗಗಳ ಗುಣಲಬ್ಧವಾಗಿ ಒಡೆಯುವ 16 ಬಗೆಗಳಲ್ಲಿ ಇದು ಒಂದು. ಗುಣ್ಯವನ್ನಾಗಲಿ ಗುಣಕವನ್ನಾಗಲಿ ನೋಡಿದವರಿಗೆ ಫಲದ ಸೊಗಸಿನ ಸುಳಿವು ಸಿಗದು. ಗುಣಾಕಾರ ಮುಗಿದಾಗಲೇ ಹಾರ ಕಾಣುತ್ತದೆ.

ಇದೇ ಅವಿಭಾಜ್ಯಗಳು ಆವರ್ತ ದಶಮಾಂಶಗಳಲ್ಲೂ ಕಾಣಿಸಿಕೊಳ್ಳುತ್ತವೆ. 111111ರ ಒಂಬತ್ತು ಪಟ್ಟು 999999. ಅದು 7 ಮತ್ತು 13ರಿಂದ ಭಾಗವಾಗುವುದರಿಂದ 1/7 ಮತ್ತು 1/13ರ ದಶಮಾಂಶಗಳು ಆರಾರು ಅಂಕಿಗಳಿಗೊಮ್ಮೆ ಮರುಕಳಿಸುತ್ತವೆ. 142857 × 7 = 999999 ಎಂಬುದು ಇದರದೇ ರೂಪ.

ಈ ವಿನ್ಯಾಸಕ್ಕೆ ಮಿತಿಯಿದೆ. ಒಂಬತ್ತು ಒಂದುಗಳ ಸಂಖ್ಯೆಯ ವರ್ಗ 12345678987654321. ಹತ್ತು ಒಂದುಗಳಾದಾಗ ನಡುಮನೆಯ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಸಾಗಿ, ವರ್ಗವು 1234567900987654321 ಆಗುತ್ತದೆ, ಹಾರ ಕಡಿಯುತ್ತದೆ. ಹತ್ತರ ಬದಲು ಬೇರೆ ಆಧಾರದಲ್ಲಿ ಎಣಿಸಿದರೂ ನಿಯಮ ಇದೇ: ಒಂದುಗಳ ಎಣಿಕೆ ಆಧಾರಕ್ಕಿಂತ ಕಡಿಮೆಯಿರುವವರೆಗೆ ಹಾರ ಉಳಿಯುತ್ತದೆ. ಆರು ಒಂದುಗಳ ಹಾರ ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲೂ ಮೂಡುತ್ತದೆ. 3, 7, 11, 13, 37 ಎಂಬ ಅಪವರ್ತನಗಳು ಮಾತ್ರ ದಶಮಾನ ಪದ್ಧತಿಗೇ ಸೇರಿದವು.