ಬಾಣಂತನ

ಹೆರಿಗೆಯಾದ ಹೆಂಗಸನ್ನೂ ಅವಳ ಕೂಸನ್ನೂ ಕೆಲವು ತಿಂಗಳು ಮನೆಯೊಳಗೇ ಇರಿಸಿಕೊಂಡು ಎಣ್ಣೆ-ನೀರು, ಪಥ್ಯದ ಊಟ, ಮದ್ದು, ನಿದ್ದೆಗಳಿಂದ ಆರೈಕೆ ಮಾಡುವ ಕ್ರಮಕ್ಕೆ ಬಾಣಂತನ ಎಂದು ಹೆಸರು. ಹೆತ್ತವಳು ಬಾಣಂತಿ, ಅವಳ ತಾಯಿಯೋ ಅಜ್ಜಿಯೋ ಅತ್ತೆಯೋ ‘ಬಾಣಂತನ ಮಾಡುವವರು’. ಹೊಸ ತಾಯಿಯನ್ನು ಒಂಟಿಯಾಗಿ ಬಿಡಬಾರದು ಎಂಬ ತಿಳಿವಳಿಕೆ ಈ ಮಾತುಗಳೊಳಗೇ ಇದೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಗರ್ಭಕೋಶ ಕುಗ್ಗಿ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಆಯುರ್ವೇದದ ಸುಶ್ರುತ ಸಂಹಿತೆ ಸೂತಿಕೆಯ, ಅಂದರೆ ಬಾಣಂತಿಯ, ಕಾಲವನ್ನು ಒಂದೂವರೆ ತಿಂಗಳೆಂದು ಹೇಳುತ್ತದೆ. ಮುಸ್ಲಿಂ ಮನೆಗಳಲ್ಲಿ 40 ದಿನಗಳ ಚಿಲ್ಲಾ ಪಾಲಿಸುತ್ತಾರೆ. ಕರ್ನಾಟಕದ ರೂಢಿಯಲ್ಲಿ ಚೊಚ್ಚಲ ಬಾಣಂತನ ಇದಕ್ಕಿಂತ ದೀರ್ಘವಾದದ್ದು, ಸಾಮಾನ್ಯವಾಗಿ ಮೂರು ಇಲ್ಲವೇ ಐದು ತಿಂಗಳು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ಬಹುಪಾಲು ಸಮುದಾಯಗಳ ವಾಡಿಕೆ. ಸೀಮಂತ ಮುಗಿಸಿ ಬಸುರಿಯನ್ನು ತಾಯಿಮನೆಗೆ ಕರೆತರುತ್ತಾರೆ; ಉತ್ತರ ಕರ್ನಾಟಕದಲ್ಲಿ ಇದೇ ಶಾಸ್ತ್ರಕ್ಕೆ ಕುಬುಸ ಮಾಡುವುದು ಎನ್ನುತ್ತಾರೆ. ಗಂಡನ ಮನೆಯಲ್ಲಿ ಸೊಸೆ ಹಗಲು ಮಲಗಿದರೆ ಮಾತು ಬರುತ್ತದೆ, ತವರಿನಲ್ಲಿ ಬರುವುದಿಲ್ಲ. ನೋವು ಹೇಳಿಕೊಳ್ಳಲು, ಬೇಕಾದದ್ದು ಕೇಳಿ ತಿನ್ನಲು, ಅಳು ಬಂದರೆ ಅಳಲು ಅಲ್ಲಿ ಸಂಕೋಚವಿಲ್ಲ. ಕೂಸನ್ನು ಎತ್ತಿಕೊಳ್ಳುವುದು, ಕುತ್ತಿಗೆಗೆ ಕೈ ಕೊಡುವುದು, ತೇಗಿಸುವುದು, ಅಳುವಿನ ಅರ್ಥ ಹಿಡಿಯುವುದು, ಇವೆಲ್ಲ ಯಾರಿಗೂ ಹುಟ್ಟಿನಿಂದ ಬರುವ ವಿದ್ಯೆಗಳಲ್ಲ. ತನ್ನನ್ನು ಸಾಕಿದ ಕೈಗಳು ತನ್ನ ಕೂಸನ್ನು ಹಿಡಿಯುವುದನ್ನು ಹತ್ತಿರದಿಂದ ನೋಡುತ್ತ ಚೊಚ್ಚಲ ತಾಯಿ ಅವನ್ನು ಕಲಿಯುತ್ತಾಳೆ. ಬಾಣಂತನದ ಬಹು ದೊಡ್ಡ ಕೊಡುಗೆ ಇದೇ.

ಈ ಆರೈಕೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿದ್ದಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮೂರು ತಿಂಗಳು ತುಪ್ಪ-ಅನ್ನ ಉಂಡು ಕೋಣೆಯೊಳಗಿರುವುದು ಕಣಜದಲ್ಲಿ ಕಾಳಿದ್ದ ಮನೆಗಳ ಮಾತು. ಕೂಲಿಯ ಹೆಣ್ಣುಮಕ್ಕಳು ತಿಂಗಳು ತುಂಬುವುದರೊಳಗೆ ಹೊಲಕ್ಕೆ ಹೋಗಿ, ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕಳೆ ಕೀಳುವ ನಡುವೆ ಬಂದು ಹಾಲೂಡಿದ್ದಾರೆ.

ಹೆರಿಗೆಯನ್ನು ಹಿಂದೆ ಮಾಡಿಸುತ್ತಿದ್ದವರು ಊರಿನ ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಸಂದವು. ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಈಗ ಹೆರಿಗೆ ಬಹುತೇಕ ಪೂರ್ತಿಯಾಗಿ ಆಸ್ಪತ್ರೆಗೆ ಬಂದಿದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಾಗಿವೆ. ಆಸ್ಪತ್ರೆಯ ವಾಸ ಮಾತ್ರ ಕೆಲವೇ ದಿನಗಳದ್ದು. ಆಮೇಲಿನ ತಿಂಗಳುಗಳು ಇಂದಿಗೂ ಮನೆಯ ಬಾಣಂತನಕ್ಕೇ ಸೇರಿದವು.

ಮೊದಲ ಮೂರು ದಿನಗಳ ದೊಡ್ಡ ಚಿಂತೆ ಹಾಲಿನದು. ಹೆರಿಗೆಯ ಬೆನ್ನಿಗೇ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕೆಲವೇ ಚಮಚೆಯಷ್ಟಿರುತ್ತದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನು, ಸಕ್ಕರೆ ನೀರು ಅಥವಾ ಹರಳೆಣ್ಣೆ ನೆಕ್ಕಿಸುವ ರೂಢಿ ಬಹುಕಾಲ ಇತ್ತು. ಇದರ ಬೇರು ಹಳೆಯದು: ತಾಯಿಯ ಹಾಲು ಇಳಿಯುವುದು ಮೂರು-ನಾಲ್ಕು ದಿನದ ಮೇಲೆ ಎಂದು ಭಾವಿಸಿ, ಅಲ್ಲಿಯವರೆಗೆ ಜೇನು-ತುಪ್ಪ ಕೊಡಲು ಸುಶ್ರುತ ಸಂಹಿತೆಯೇ ಹೇಳಿದೆ. ಆ ಹಳದಿ ಹಾಲಿನಲ್ಲಿಯೇ ರೋಗ ತಡೆಯುವ ಶಕ್ತಿ ಹೆಚ್ಚು ಎಂಬುದು ಈಗ ಖಚಿತ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, ಆರು ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲೊಂದನ್ನೇ ಉಣಿಸಬೇಕು, ಜೇನನ್ನು ವರ್ಷ ತುಂಬುವವರೆಗೆ ಮುಟ್ಟಿಸಬಾರದು. ಮೊದಲ ವಾರದಲ್ಲಿ ಕೂಸು ಹುಟ್ಟುತೂಕದಲ್ಲಿ ಹತ್ತನೆಯ ಒಂದು ಪಾಲಿನವರೆಗೆ ಇಳಿದು, ಎರಡು ವಾರದ ಹೊತ್ತಿಗೆ ಮರಳಿ ಪಡೆಯುವುದು ಸಹಜ. ಇದು ಗೊತ್ತಿಲ್ಲದ ಚೊಚ್ಚಲ ತಾಯಿ ತನಗೆ ಹಾಲೇ ಸಾಲದೆಂದು ಎದೆಗುಂದುತ್ತಾಳೆ, ಸುತ್ತಲಿನವರು ಡಬ್ಬಿಯ ಹಾಲು ತರಲು ಓಡುತ್ತಾರೆ. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯುವ ಸುಲಭ ಉಪಾಯ ಒದ್ದೆ ಬಟ್ಟೆಗಳ ಎಣಿಕೆ. ಐದನೆಯ ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಕೂಸಿಗೆ ಹಾಲು ಸಿಗುತ್ತಿದೆ ಎಂದೇ ಅರ್ಥ.

ಹೊಕ್ಕುಳ ಬಳ್ಳಿ ಒಂದೆರಡು ವಾರದಲ್ಲಿ ಒಣಗಿ ಬೀಳುತ್ತದೆ. ಅದಕ್ಕೆ ಬೂದಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚದೆ ಒಣಗಲು ಬಿಡುವುದೇ ಸರಿ. ಎರಡು-ಮೂರನೆಯ ದಿನ ಕಾಣುವ ಕಾಮಾಲೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಹುಟ್ಟಿದ ದಿನವೇ ಕಂಡರೆ, ಅಥವಾ ಹಳದಿ ಅಂಗಾಲಿನವರೆಗೆ ಇಳಿದರೆ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಬಾಣಂತನದ ದಿನಚರಿಯ ನಡುಗಂಬ ಎಣ್ಣೆ-ನೀರು. ಕೂಸಿಗೆ ಸ್ನಾನ ಮಾಡಿಸುವುದಕ್ಕೆ ಎರೆಯುವುದು ಎಂಬುದೇ ಸರಿಯಾದ ಮಾತು, ಮತ್ತು ಚೆನ್ನಾಗಿ ಎರೆಯಬಲ್ಲ ಅಜ್ಜಿಗೆ ಊರಿನಲ್ಲಿ ಬೇರೆಯೇ ಮರ್ಯಾದೆ. ಹಂಡೆಯ ನೀರು ಕಾದ ಮೇಲೆ ಅಜ್ಜಿ ಬಚ್ಚಲಿನಲ್ಲಿ ಗೋಡೆಗೆ ಒರಗಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎರಡೂ ಕಾಲು ಜೋಡಿಸಿ ನೀಡಿ ಕೂರುತ್ತಾಳೆ. ಎಣ್ಣೆ ತೀಡಿದ ಕೂಸನ್ನು ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದರೆ ಅದೇ ತೊಟ್ಟಿಲು. ತಲೆ ಪಾದದ ಕಡೆಗೆ, ನೀರು ಹರಿದುಹೋಗುವಂತೆ. ಮೊಣಕೈ ಅದ್ದಿ ಬಿಸಿ ನೋಡಿ, ಒಂದು ಕೈಯಿಂದ ಚೊಂಬಿನ ನೀರು ಸಣ್ಣ ಧಾರೆಯಾಗಿ ಬಿಡುತ್ತ, ಇನ್ನೊಂದು ಕೈಯಿಂದ ಕಡಲೆಹಿಟ್ಟು ಹಚ್ಚಿ ಕಂಕುಳು, ತೊಡೆಸಂದು, ಕತ್ತಿನ ಮಡಿಕೆಗಳನ್ನು ತಿಕ್ಕುತ್ತಾಳೆ. ಬೋರಲು ಹಾಕಿ ಬೆನ್ನಿಗೆ ನೀರು ಬಿದ್ದಾಗ ಅಷ್ಟು ಹೊತ್ತು ಕಿರುಚುತ್ತಿದ್ದ ಕೂಸು ತಟ್ಟನೆ ಸುಮ್ಮನಾಗುತ್ತದೆ. ಮೈ ಒರೆಸಿ, ಕುಲಾವಿ ತೊಡಿಸಿ, ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿದರೆ ಎರಡು-ಮೂರು ಗಂಟೆ ನಿದ್ದೆ. ಆ ಹೊತ್ತಿನಲ್ಲಿ ಬಾಣಂತಿಗೂ ಎಣ್ಣೆ ಹಚ್ಚಿ ಬಿಸಿನೀರು ಎರೆದು, ಸೊಂಟಕ್ಕೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಮಲಗಿಸುತ್ತಾರೆ.

ಎಣ್ಣೆಯ ಹದವಾದ ಉಜ್ಜುವಿಕೆಯಿಂದ ಕೂಸಿಗೆ ಹಿತವುಂಟು, ಬಿಸಿನೀರಿನಿಂದ ತಾಯಿಗೂ ಹಿತವುಂಟು. ಕೆಲವು ರೂಢಿಗಳನ್ನು ಮಾತ್ರ ಬಿಟ್ಟೇ ಬಿಡಬೇಕು. ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಮೂಗಿನೊಳಗೆ ಊದುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ ಹಾಕುವುದು ಕೂಸಿಗೆ ಕೆಡುಕು ಮಾಡುತ್ತವೆ. ಬಾಗಿಲು ಕಿಟಕಿ ಭದ್ರಪಡಿಸಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಮೊದಲ ಸ್ನಾನಕ್ಕೂ ಒಂದು ದಿನವಾದರೂ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಊಟದಲ್ಲಿ ಬಾಣಂತನ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೊಬ್ಬರಿ, ಉತ್ತತ್ತಿ, ಬೆಲ್ಲ, ಗಸಗಸೆ, ತುಪ್ಪದಲ್ಲಿ ಹುರಿದ ಅಂಟು ಸೇರಿಸಿ ಕಟ್ಟಿದ ಅಂಟಿನುಂಡೆ, ಅಳವಿಯ ಪಾಯಸ ಬಾಣಂತಿಯ ತಿನಿಸುಗಳು. ಹಳೆ ಮೈಸೂರಿನ ಕಡೆ ಸಬ್ಬಸಿಗೆ ಸೊಪ್ಪು, ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು. ಕರಾವಳಿಯಲ್ಲಿ ಬಾಣಂತಿ ಲೇಹ್ಯ. ಕೊಡುವ ಪದಾರ್ಥಗಳೆಲ್ಲ ಒಳ್ಳೆಯವೇ. ತೊಂದರೆ ಇರುವುದು ಬೇಡವೆನ್ನುವ ಪದಾರ್ಥಗಳಲ್ಲಿ. ವಾಯುವೆಂದು ಬೇಳೆ, ನಂಜೆಂದು ಬದನೆಕಾಯಿ, ಶೀತವೆಂದು ಹಣ್ಣು ಮೊಸರು, ಹೊಟ್ಟೆ ಬರುತ್ತದೆಂದು ನೀರು ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದರೆ ತಟ್ಟೆಯಲ್ಲಿ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು ಉಳಿಯುತ್ತವೆ. ಹಾಲೂಡುವ ತಾಯಿಗೆ ನೀರು ತಡೆದರೆ ಮಲಬದ್ಧತೆ, ಸುಸ್ತು. ಬಾಣಂತಿಯರ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಗಂಡಾಂತರಕ್ಕೂ ದೇಹದಲ್ಲಿ ನೀರು ಕಡಿಮೆಯಾಗುವುದು ಒಂದು ಕಾರಣವೆಂದು ನರರೋಗ ತಜ್ಞರು ಎಚ್ಚರಿಸುತ್ತ ಬಂದಿದ್ದಾರೆ.

ಈ ಪಥ್ಯದ ಬೆಲೆಯನ್ನು ಕೆಲವೊಮ್ಮೆ ಕೂಸು ತೆರುತ್ತದೆ. ಎದೆಹಾಲನ್ನೇ ಕುಡಿದು ಚೆನ್ನಾಗಿ ಬೆಳೆಯುತ್ತಿದ್ದ ಎರಡು-ಮೂರು ತಿಂಗಳ ಮಕ್ಕಳು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ದನಿ ಕೀರಲಾಗಿ, ಏದುಸಿರು ಬಿಡುತ್ತ, ಹೃದಯದ ಬಲಭಾಗ ಸೋತು ಆಸ್ಪತ್ರೆ ಸೇರುವುದನ್ನು ಕರ್ನಾಟಕದ ಮಕ್ಕಳ ತಜ್ಞರು ಗುರುತಿಸಿದರು. ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ನೆಚ್ಚಿ, ಬೇಳೆಕಾಳು ಬಿಟ್ಟ ತಾಯಿಯ ಹಾಲಿನಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ತೀರಾ ಕಡಿಮೆಯಾಗಿರುತ್ತದೆ. ಆ ಜೀವಸತ್ವದ ಚುಚ್ಚುಮದ್ದು ಕೊಟ್ಟರೆ ಸಾವಿನ ಅಂಚಿನಲ್ಲಿದ್ದ ಕೂಸು ಒಂದೆರಡು ದಿನಗಳಲ್ಲೇ ಚೇತರಿಸಿಕೊಳ್ಳುತ್ತದೆ, ತಡವಾದರೆ ಉಳಿಯುವುದಿಲ್ಲ. ಬಾಣಂತಿಯ ತಟ್ಟೆಗೆ ಬೇಳೆ, ಮೊಳಕೆಕಾಳು, ಸೊಪ್ಪು, ಹಣ್ಣು ಮರಳಿ ಬರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನವಜಾತ ಶಿಶು ದಿನದ 14ರಿಂದ 17 ಗಂಟೆ ಮಲಗುತ್ತದೆ, ಆದರೆ ಒಂದೇ ಸಮನೆ ಅಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಅದಕ್ಕೆ ರಾತ್ರಿ-ಹಗಲಿನ ಭೇದ ತಿಳಿಯಲು ಕೆಲವು ವಾರ ಹಿಡಿಯುತ್ತದೆ. ಹೊಲಿಗೆಯ ನೋವು, ಎದೆ ಕಟ್ಟಿದ ಉರಿ, ಎರಡು ಗಂಟೆಗೊಮ್ಮೆ ಎಚ್ಚರ ಇವುಗಳ ನಡುವೆ ಹೆರಿಗೆಯ ಮೂರು-ನಾಲ್ಕನೆಯ ದಿನದಿಂದ ಬಹಳಷ್ಟು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದೊಳಗೆ ಇದು ತಿಳಿಯಾಗುತ್ತದೆ. ಆಮೇಲೂ ಮಂಕು ಕವಿದೇ ಇದ್ದರೆ, ಕೂಸಿನ ಮೇಲೆ ಮನಸ್ಸೇ ಹೋಗದಿದ್ದರೆ, ಸಾಯುವ ಮಾತು ಬಂದರೆ ಅದು ಖಿನ್ನತೆ. ಹುಟ್ಟಿದ್ದು ಹೆಣ್ಣೆಂಬ ಮೂದಲಿಕೆ ಇರುವ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಇದಕ್ಕಿಂತ ತೀವ್ರವಾದ, ಭ್ರಮೆ-ಉದ್ರೇಕಗಳಿರುವ ಸ್ಥಿತಿಗೆ ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂಬ ಹೆಸರು ಮೊದಲಿನಿಂದ ಇದೆ. ಗಾಳಿ ಸೋಂಕು, ದೆವ್ವದ ಕಾಟ ಎಂದು ಮಂತ್ರ ಹಾಕಿಸುತ್ತ ಕೂರದೆ ಕೂಡಲೇ ಚಿಕಿತ್ಸೆ ಕೊಡಿಸಬೇಕು. ಚಿಕಿತ್ಸೆಗೆ ಬಂದ ತಾಯಿಯಿಂದ ಕೂಸನ್ನು ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ತಾಯಿ-ಮಗು ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ನಡೆಯುತ್ತಿದೆ.

ಬಾಣಂತನದ ಶಾಸ್ತ್ರಗಳು ಪುರುಡಿನಿಂದ, ಅಂದರೆ ಹೆರಿಗೆಯ ಮೈಲಿಗೆಯಿಂದ, ಮೊದಲಾಗುತ್ತವೆ. ಐದನೆಯ ರಾತ್ರಿ ಶೆಟಿಗೆವ್ವ ಎಂಬ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿದೆ. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಪುರುಡು ಕಳೆದು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಉಸುರಿದೊಡನೆ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ.

ಸರ್ಕಾರದ ಆರೈಕೆಯೂ ಈ ಕಾಲಕ್ಕೆ ಹೊಂದಿಕೊಂಡಿದೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14ನೆಯ ವಾರಗಳಲ್ಲಿ ಲಸಿಕೆಗಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಬಂದು ಕೂಸಿನ ತೂಕ, ಮೈಯ ಬಿಸಿ, ಹಾಲು ಕುಡಿಯುವ ಬಗೆ ನೋಡುತ್ತಾಳೆ. ಬಡ ಬಾಣಂತಿಯರಿಗೆ ಸೊಳ್ಳೆಪರದೆ, ಹೊದಿಕೆ, ಕೂಸಿನ ಬಟ್ಟೆ ಮೊದಲಾದವನ್ನು ಕೊಡಲು ಕರ್ನಾಟಕ ತಂದ ಯೋಜನೆಗೆ ‘ಮಡಿಲು’ ಎಂದು ಹೆಸರಿಟ್ಟದ್ದು ಬಹಳ ಒಪ್ಪುವ ಮಾತು. ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಹೊಸಿಲು ದಾಟದ ಬಾಣಂತಿ ಅಂಗನವಾಡಿಗೆ ಬಂದು ಉಣ್ಣುವುದು ಹೇಗೆ ಎಂಬ ತೊಡಕು ಅದಕ್ಕೆ ಮೊದಲ ದಿನಗಳಲ್ಲೇ ಎದುರಾಯಿತು.

ಹಳೆಯ ಕ್ರಮದಲ್ಲಿ ಚೊಚ್ಚಲ ಮಗುವಿನ ತಂದೆಗೆ ಮಾಡಲು ಹೆಚ್ಚೇನೂ ಇರಲಿಲ್ಲ. ಆತ ತೊಟ್ಟಿಲ ಶಾಸ್ತ್ರಕ್ಕೆ ಬಂದು, ಆಗಾಗ ಮಾವನ ಮನೆಗೆ ನೆಂಟನಂತೆ ಬಂದುಹೋಗುತ್ತಿದ್ದ. ಕೂಸು ಕುತ್ತಿಗೆ ನಿಲ್ಲಿಸಿ ನಗಲು ಕಲಿತ ಮೇಲೆಯೇ ಅದು ಅವನ ಕೈಗೆ ಬರುತ್ತಿದ್ದದ್ದು. ಬಾಣಂತನದ ದೊಡ್ಡ ಕೊರತೆಗಳಲ್ಲಿ ಇದೂ ಒಂದು. ನಗರದ ಸಣ್ಣ ಸಂಸಾರಗಳಲ್ಲಿ ಇದು ಬದಲಾಗುತ್ತಿದೆ: ತಾಯಿ ಮಗಳ ಮನೆಗೇ ಬಂದು ಬಾಣಂತನ ಮಾಡುತ್ತಾಳೆ, ಅಥವಾ ಎರೆಯಲು ಸಂಬಳದ ಹೆಂಗಸು ಬರುತ್ತಾಳೆ, ರಾತ್ರಿಯ ಸರದಿಯಲ್ಲಿ ಗಂಡನೂ ಸೇರುತ್ತಾನೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಬಾಣಂತನಕ್ಕೆ ಆರು ತಿಂಗಳ ಮಟ್ಟಿಗೆ ಹೊರಡುವ ಅಮ್ಮಂದಿರ ಪೆಟ್ಟಿಗೆಯಲ್ಲಿ ಅಂಟು, ಬಜೆ, ಸೀಗೆಪುಡಿ ಇರುತ್ತವೆ. ಹೆರಿಗೆ ಸವಲತ್ತು ಕಾಯ್ದೆಯ 2017ರ ತಿದ್ದುಪಡಿ ತಾಯಿಯ ವೇತನಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಅದರಲ್ಲಿ ತಂದೆಯ ರಜೆಯ ಮಾತಿರಲಿಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ ಪ್ರತ್ಯೇಕ ನಿಯಮದಂತೆ 15 ದಿನ ಸಿಗುತ್ತದೆ.

ಬಾಣಂತನ ಮುಗಿಯುವುದು ಮಗಳನ್ನು ಗಂಡನ ಮನೆಗೆ ಕಳಿಸುವುದರೊಂದಿಗೆ. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಒಳ್ಳೆಯ ದಿನ ನೋಡಿ, ಮಡಿಲು ತುಂಬಿ, ತೊಟ್ಟಿಲು, ಕೂಸಿನ ಬಟ್ಟೆ, ಸಿಹಿತಿಂಡಿಗಳೊಡನೆ ಕಳಿಸಿಕೊಡುತ್ತಾರೆ. ಹೊರಡುವ ಮುಂಚಿನ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿ ಬಚ್ಚಲಿನ ಬಾಗಿಲಲ್ಲಿ ನಿಂತುಕೊಂಡು, ಕಾಲು ನೀಡಿ ಕುಳಿತ ಮಗಳ ಕೈಯಿಂದಲೇ ಕೂಸಿಗೆ ನೀರು ಎರೆಸುತ್ತಾಳೆ.