ಮೊಲದ ಮಾತು ಮೊದಲು ಕೇಳಿಸಿದ್ದು ಯಾರಿಗೆ?

ಮನುಷ್ಯರು ಮತ್ತು ಪ್ರಾಣಿಗಳು ಭಾವನೆಗಳನ್ನು ಹೇಗೆ ತೋರಿಸುತ್ತಾರೆ ಎಂಬುದರ ಬಗ್ಗೆ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಒಂದು ಪುಸ್ತಕ ತಂದ. ಅದರಲ್ಲಿ ಮೊಲಗಳ ಬಗ್ಗೆ ಎರಡು ವಿಷಯ ಹೇಳಿದ್ದಾನೆ. ಒಂದು, ಮೊಲಗಳು ನೆಲವನ್ನು ಜೋರಾಗಿ ಬಡಿದು ಜೊತೆಗಾರರಿಗೆ ಸೂಚನೆ ಕೊಡುತ್ತವೆ. ಹಾಗೆ ಬಡಿಯುವ ವರಸೆ ಗೊತ್ತಿದ್ದವನಿಗೆ ಸದ್ದಿಲ್ಲದ ಸಂಜೆಯಲ್ಲಿ ಸುತ್ತಲಿನ ಮೊಲಗಳೇ ಉತ್ತರ ಕೊಟ್ಟಾವು. ಇನ್ನೊಂದು, ಅವು ಗಂಟಲು ತೆರೆಯುವುದು ಜೀವ ಹೋಗುವ ಸಂಕಟದಲ್ಲಿ ಮಾತ್ರ. ಮೊದಲನೆಯದು ಸರಿ. ಎರಡನೆಯದು ತಪ್ಪು. ತಪ್ಪೆಂಬುದಕ್ಕೆ ಸಾಕ್ಷಿ 88 ವರ್ಷಗಳ ಹಿಂದೆಯೇ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಗಿತ್ತು. ಬರೆದವನು ವಿಜ್ಞಾನಿಯಲ್ಲ, ಕವಿ.

ವಿಲಿಯಂ ಕೂಪರ್‌ಗೆ ತೀವ್ರ ಖಿನ್ನತೆಯಿತ್ತು. 1774ರಲ್ಲಿ ಓಲ್ನಿ ಎಂಬ ಊರಿನಲ್ಲಿದ್ದಾಗ, ಓದುವುದಕ್ಕೂ ಬರೆಯುವುದಕ್ಕೂ ಮನಸ್ಸಿಲ್ಲದೆ ಕೂತಿದ್ದವನ ಕೈಗೆ ನೆರೆಮನೆಯ ಮಕ್ಕಳು ಸಾಕಲಾಗದ ಒಂದು ಮೊಲದ ಮರಿ ಬಂತು. ಸುದ್ದಿ ಹಬ್ಬಿ ಊರವರು ಮರಿಗಳನ್ನು ತಂದುಕೊಡತೊಡಗಿದರು. ಕೂಪರ್ ಮೂರನ್ನು ಇಟ್ಟುಕೊಂಡ. ಪುಸ್, ಟೈನಿ, ಬೆಸ್ ಎಂದು ಹೆಸರಿಟ್ಟ. ಮೂರೂ ಗಂಡು!

ಇಲ್ಲೊಂದು ಮಾತು. ಇಂಗ್ಲಿಷಿನಲ್ಲಿ ಹೇರ್ ಬೇರೆ, ರ‍್ಯಾಬಿಟ್ ಬೇರೆ; ನಮಗೆ ಎರಡೂ ಮೊಲವೇ. ನಮ್ಮ ಕುರುಚಲು ಕಾಡಿನಲ್ಲಿ ಓಡುವುದು ಹೇರ್. ಹಂಪಿಯ ಐತಿಹ್ಯದಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಮೊಲವೂ ಅದೇ ಆಗಿರಬೇಕು. ಇಂದು ಪುಣೆಯ ಫ್ಲ್ಯಾಟಿನಲ್ಲಿ, ಚೆನ್ನೈನ ಬಾಲ್ಕನಿಯಲ್ಲಿ ಸಾಕುವುದು ರ‍್ಯಾಬಿಟ್. ಮೂಲತಃ ಸ್ಪೇನ್ ಕಡೆಯದು, ಬಿಲ ತೋಡಿ ಗುಂಪಿನಲ್ಲಿ ಬಾಳುವ ಜೀವಿ. ಕೂಪರ್ ಸಾಕಿದ್ದು ಹೇರ್‌ಗಳನ್ನು. ಆದರೂ ಆತ ಬರೆದದ್ದನ್ನು ಓದಿದರೆ ರ‍್ಯಾಬಿಟ್ ಸಾಕಿದವರು ತಲೆಯಾಡಿಸುತ್ತಾರೆ.

1784ರ ಆ ಬರಹದಲ್ಲಿ ಪುಸ್ ತೋಟಕ್ಕೆ ಹೋಗಬೇಕೆನಿಸಿದಾಗ ಯಜಮಾನನ ಮೊಣಕಾಲಿನ ಮೇಲೆ ಮುಂಗಾಲಿನಿಂದ ತಮಟೆ ಬಾರಿಸುತ್ತದೆ. ಅಷ್ಟಕ್ಕೂ ಏಳದಿದ್ದರೆ ಕೋಟಿನ ಅಂಚನ್ನು ಹಲ್ಲಿನಲ್ಲಿ ಹಿಡಿದು ಎಳೆಯುತ್ತದೆ. ಕಾಯಿಲೆಯಲ್ಲಿ ನೋಡಿಕೊಂಡವನ ಕೈಯನ್ನು ಹಿಂದೆ, ಮುಂದೆ, ಬೆರಳು ಬೆರಳಾಗಿ ನೆಕ್ಕುತ್ತದೆ. ಟೈನಿಯದು ಬೇರೆ ಜಾಯಮಾನ. ಸವರಲು ಹೋದರೆ ಗುರುಗುಟ್ಟಿ, ಮುಂಗಾಲಿನಿಂದ ಹೊಡೆದು, ಹಾರಿ ಬಂದು ಕಚ್ಚುತ್ತಿತ್ತು. ಜೀವ ಹೋಗುವ ಸಂಕಟದಲ್ಲಿ ಮಾತ್ರ ಗಂಟಲು ತೆರೆಯುತ್ತದೆಂದು ಡಾರ್ವಿನ್ ನಂಬಿದ ಜೀವಿಯ ಗುರುಗುಟ್ಟುವಿಕೆ! ರಾತ್ರಿ ಊಟವಾದ ಮೇಲೆ ಮೂರನ್ನೂ ನಡುಮನೆಗೆ ಬಿಡುತ್ತಿದ್ದ. ಜಮಖಾನೆಯ ಮೇಲೆ ಕಾಲಿಗೆ ಹಿಡಿತ ಸಿಗುವುದರಿಂದ ಕುಪ್ಪಳಿಸಿ ಆಡುತ್ತಿದ್ದವಂತೆ. ನುಣುಪು ಟೈಲ್ಸ್ ಹಾಕಿದ ಮನೆಯಲ್ಲಿ ಮೊಲ ಮೂಲೆ ಬಿಟ್ಟು ಬರುವುದಿಲ್ಲ ಎಂದು ಕೊರಗುವವರು ಈ ಒಂದು ಸಾಲನ್ನು ಗಮನಿಸಬೇಕು.

ಆದರೆ ಕೂಪರನ ನಡುಮನೆ ಅಪವಾದ. 19ನೆಯ ಶತಮಾನದ ಯುರೋಪಿನಲ್ಲಿ ರ‍್ಯಾಬಿಟ್ ಎಂದರೆ ಹಿತ್ತಿಲ ಮರದ ಗೂಡಿನಲ್ಲಿ ಮಾಂಸಕ್ಕೆ, ತುಪ್ಪಳಕ್ಕೆ ಕೊಬ್ಬಿಸುವ ಪ್ರಾಣಿ. ತಿರುಗಲೂ ಜಾಗವಿಲ್ಲದ ಗೂಡಿನಲ್ಲಿ ಮೈಯ ಭಾಷೆಗೆ ಜಾಗವೆಲ್ಲಿ? ಹೊರಗಿನವರಿಗೆ ಕಂಡದ್ದು ಅಲುಗಾಡದ, ಸದ್ದು ಮಾಡದ ಒಂದು ಉಂಡೆ. ಹೆದರಿ ಮರಗಟ್ಟಿದ್ದನ್ನು ಸಾಧುಸ್ವಭಾವ ಎಂದು ಓದಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಓದಿನ ಬೆಲೆ ತೆತ್ತದ್ದು ಮೊಲಗಳು. 1944ರಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆಯಲ್ಲಿ ಶಾಂಪೂ, ಪ್ರಸಾಧನದಂಥ ವಸ್ತುಗಳನ್ನು ಮೊಲದ ಒಂದು ಕಣ್ಣಿಗೆ ಹಾಕಿ, ಇನ್ನೊಂದನ್ನು ಹೋಲಿಕೆಗೆ ಬಿಟ್ಟು, ಉರಿ, ಊತ, ಹುಣ್ಣುಗಳನ್ನು ದಿನಗಟ್ಟಲೆ ಅಳೆಯುತ್ತಿದ್ದರು. ಮೊಲವೇ ಏಕೆ? ಕಣ್ಣು ದೊಡ್ಡದು, ಬೆಲೆ ಕಡಿಮೆ, ಹಿಡಿದರೆ ಸುಮ್ಮನಿರುತ್ತದೆ. 1980ರಲ್ಲಿ ಹೆನ್ರಿ ಸ್ಪೈರಾ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು ರೆವ್ಲಾನ್ ಕಂಪನಿಯನ್ನು ನೇರವಾಗಿ ಪ್ರಶ್ನಿಸಿದ ಮೇಲೆ ಬದಲಿ ವಿಧಾನಗಳ ಹುಡುಕಾಟಕ್ಕೆ ಹಣ ಬರತೊಡಗಿತು. ಭಾರತ ಪ್ರಸಾಧನಗಳ ಪ್ರಾಣಿಪರೀಕ್ಷೆ ನಿಷೇಧಿಸಿದ್ದು 2014ರಲ್ಲಿ.

ಮೊಲದ ಭಾಷೆಯ ಶಿಸ್ತುಬದ್ಧ ಅಧ್ಯಯನ ನಡೆದದ್ದು ವಿಚಿತ್ರ ಜಾಗದಲ್ಲಿ: ಮೊಲವನ್ನು ನಿರ್ಮೂಲ ಮಾಡಲು ಹೊರಟಿದ್ದ ಆಸ್ಟ್ರೇಲಿಯಾದಲ್ಲಿ. 1859ರಲ್ಲಿ ಬೇಟೆಯ ಮೋಜಿಗೆಂದು ಬಿಟ್ಟ ಕೆಲವು ಮೊಲಗಳ ಸಂತತಿ ದೇಶವನ್ನೇ ಮೇಯುತ್ತಿತ್ತು. 1950ರಲ್ಲಿ ಅವುಗಳ ಮೇಲೆ ರೋಗದ ವೈರಸ್ ಬಿಟ್ಟರು. ಶತ್ರುವನ್ನು ಅರಿಯಬೇಕಿತ್ತು. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದ ರೋಮನ್ ಮೈಕಿಟೊವಿಚ್ ಬೇಲಿಯೊಳಗಿನ ಗುಂಪುಗಳನ್ನು ವರ್ಷಗಟ್ಟಲೆ ನೋಡಿ, ಮೊಲದ ಗದ್ದದ ಕೆಳಗಿನ ವಾಸನೆಗ್ರಂಥಿಯ ಗುಟ್ಟು ಬಿಡಿಸಿದ. ಗುಂಪಿನ ಯಜಮಾನ ಗಂಡಿನಲ್ಲಿ ಆ ಗ್ರಂಥಿ ದೊಡ್ಡದು. ಗದ್ದ ಉಜ್ಜುವುದೂ ಅದೇ ಹೆಚ್ಚು. ನಿಮ್ಮ ಸೋಫಾದ ಕಾಲಿಗೆ ಮೊಲ ಗದ್ದ ಉಜ್ಜಿದರೆ ಅದು ಮುದ್ದಲ್ಲ, ಖಾತೆ ಬದಲಾವಣೆ. ಅದೇ ಕಾಲದಲ್ಲಿ ವೇಲ್ಸ್‌ನಲ್ಲಿ ರೊನಾಲ್ಡ್ ಲಾಕ್ಲಿ ಬಿಲದೊಳಗಿನ ಬದುಕನ್ನು ಗಾಜಿನ ಮೂಲಕ ನೋಡಿದ. 1964ರ ಆತನ ಪುಸ್ತಕವೇ ರಿಚರ್ಡ್ ಆಡಮ್ಸ್‌ನ ‘ವಾಟರ್‌ಶಿಪ್ ಡೌನ್’ ಕಾದಂಬರಿಗೆ ಆಧಾರವಾಯಿತು.

ಕೂಪರನ ನಡುಮನೆಗೆ ಮೊಲ ಮರಳಿದ್ದು ಕ್ಯಾಲಿಫೋರ್ನಿಯಾದಲ್ಲಿ. ಮೊಲವನ್ನು ಮನೆಯೊಳಗೇ ಬಿಟ್ಟು ಸಾಕುವ ಬಗ್ಗೆ 1985ರಲ್ಲಿ ಮೇರಿನೆಲ್ ಹ್ಯಾರಿಮನ್ ಕೈಪಿಡಿ ಬರೆದರು. 1988ರಲ್ಲಿ ಹೌಸ್ ರ‍್ಯಾಬಿಟ್ ಸೊಸೈಟಿ ಹುಟ್ಟಿತು. ಬಾಗಿಲು ತೆರೆದ ಮೇಲೆ ನಿಘಂಟು ದಪ್ಪವಾಯಿತು. ಕಾಲ ಸುತ್ತ ಸುತ್ತುತ್ತಾ ಮೆಲ್ಲಗೆ ಹ್ಞೂಂಗುಟ್ಟಿದರೆ ಪ್ರಣಯ ಇಲ್ಲವೇ ತಿಂಡಿಯ ಆಸೆ. ಗಾಳಿಯಲ್ಲಿ ಮೈ ತಿರುಚಿ ಹಾರಿದರೆ ಸಂತೋಷ. ದಢಕ್ಕನೆ ಪಕ್ಕಕ್ಕೆ ಉರುಳಿ ಕಾಲು ಚಾಚಿದರೆ ಸತ್ತಿತೆಂದು ಹೊಸಬರು ಗಾಬರಿಯಾಗುತ್ತಾರೆ, ಅದು ನೆಮ್ಮದಿ. ಎತ್ತಿಕೊಂಡು ಅಂಗಾತ ಮಲಗಿಸಿದಾಗ ಅಲುಗಾಡದಿದ್ದರೆ ಜನ ಫೋಟೋ ತೆಗೆಯುತ್ತಾರೆ. ಅದು ಹದ್ದಿನ ಉಗುರಿಗೆ ಸಿಕ್ಕಿದ ಪ್ರಾಣಿಯ ಸ್ತಬ್ಧತೆ. ಗೂಡಿನ ಕಾಲದ ತಪ್ಪು ಓದು ಈಗಲೂ ಹೀಗೆ ಉಳಿದುಕೊಂಡಿದೆ.

ನೋವನ್ನು ಮುಖದಲ್ಲಿ ಅಳೆಯುವ ಮಾಪಕ ಬಂದದ್ದು 2012ರಲ್ಲಿ. ಕಿವಿಗೆ ಹಚ್ಚೆ ಹಾಕಿಸಿಕೊಂಡ ಮೊಲಗಳ ಚಿತ್ರಗಳನ್ನು ಹೋಲಿಸಿ ಸಂಶೋಧಕರು ಐದು ಗುರುತು ಹೇಳಿದರು: ಕಿರಿದಾದ ಕಣ್ಣು, ಚಪ್ಪಟೆಯಾದ ಕೆನ್ನೆ, ಚೂಪಾದ ಮೂಗು, ಮೀಸೆಯ ದಿಕ್ಕು, ಕಿವಿಯ ಭಂಗಿ. ಸದ್ದಿನ ವಿಷಯದಲ್ಲಿ ಸಾಕುವವರು ಇಂದಿಗೂ ತಮ್ಮ ಕಿವಿಯನ್ನೇ ನಂಬಬೇಕು. ತಲೆ ಸವರಿದಾಗ ಹಲ್ಲುಗಳು ಹಗುರವಾಗಿ, ಬೇಗಬೇಗ ಕಟಕಟ ಎನ್ನುವುದು ಸುಖಕ್ಕೆ. ಮುದುಡಿ ಕೂತು, ಮೇವು ಮುಟ್ಟದೆ, ಜೋರಾಗಿ ನಿಧಾನಕ್ಕೆ ಕರಕರ ಕಡಿಯುವುದು ನೋವಿಗೆ. ಮೇವು ಬಿಟ್ಟ ಮೊಲದ ಕರುಳು ಬೇಗ ಸ್ತಬ್ಧವಾಗುತ್ತದೆ; ಅಂಥ ರಾತ್ರಿ ಬೆಳಗಿನವರೆಗೆ ಕಾಯದೆ ಡಾಕ್ಟರ ಬಳಿ ಓಡಬೇಕು.