ಅಭಿಮಾನಿ ಯಾರ ಕಡೆ?

2023ರ ಮೇ 18, ಗುರುವಾರ ಸಂಜೆ. ಹೈದರಾಬಾದಿನ ಸ್ಟೇಡಿಯಂ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ರಸ್ತೆಯುದ್ದಕ್ಕೂ ಅಂಗಿಗಳು. ಮರಕ್ಕೂ ಕಂಬಕ್ಕೂ ಹಗ್ಗ ಬಿಗಿದು ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಕೆಂಪು ನೇತುಹಾಕಿದ್ದರು. ಉಪ್ಪಲ್ ಮೈದಾನದಲ್ಲಿ ಅಂದು ಸನ್‌ರೈಸರ್ಸ್‌ಗೂ ಬೆಂಗಳೂರಿಗೂ ಐಪಿಎಲ್ ಆಟ. ಮಾರುವ ಹುಡುಗ ನನ್ನನ್ನು ನೋಡಿ ದಖನಿಯಲ್ಲಿ ಕೇಳಿದ: "ಕೋಹ್ಲಿ ಹೋನಾ ಕ್ಯಾ, ಸನ್‌ರೈಸರ್ಸ್ ಹೋನಾ?" ಒಂದು ಕಡೆ ಆಟಗಾರನ ಹೆಸರು, ಇನ್ನೊಂದು ಕಡೆ ತಂಡದ ಹೆಸರು. ಕೆಂಪು ಅಂಗಿಯ ಹಗ್ಗ ಆಗಲೇ ಮುಕ್ಕಾಲು ಖಾಲಿಯಾಗಿತ್ತು. ಕಿತ್ತಳೆಯ ಹಗ್ಗ ಇನ್ನೂ ಭಾರಕ್ಕೆ ಜೋಲುತ್ತಿತ್ತು, ಅದೂ ಹೈದರಾಬಾದಿನಲ್ಲೇ.

ನನ್ನ ಜೊತೆಗಿದ್ದವನು ಮೇಲ್ಮನೆಯ ಬಾಡಿಗೆದಾರರ ಮಗ. ಕರೀಂನಗರದ ಕಡೆಯವನು, ಎಂಜಿನಿಯರಿಂಗ್ ಎರಡನೇ ವರ್ಷ. ಮೈದಾನಕ್ಕೆ ಬಂದು ಆಟ ನೋಡುತ್ತಿದ್ದದ್ದು ಅವನಿಗೆ ಅದೇ ಮೊದಲು. ಪವರ್‌ಪ್ಲೇ ಎಷ್ಟು ಓವರಿಗೆ ಮುಗಿಯುತ್ತದೆಂದು ನನ್ನನ್ನೇ ಕೇಳಿದ. ಆದರೆ ಬೆನ್ನ ಮೇಲೆ 18ರ ಅಂಕಿ, ಬಾಯಲ್ಲಿ ಕನ್ನಡ: "ಈ ಸಲ ಕಪ್ ನಮ್ದೇ!" ಅರ್ಥ ಗೊತ್ತೇನಪ್ಪಾ ಎಂದೆ. ಒಂದು ಕ್ಷಣವೂ ತಡೆಯದೆ ಹೇಳಿದ: "ಈಸಾರಿ ಕಪ್ಪು ಮನದೇ ಅಂಕಲ್."

ಈ 'ಮನದೇ' ನನ್ನ ಕಿವಿಯಲ್ಲಿ ಉಳಿಯಿತು. ತೆಲುಗಿನಲ್ಲಿ 'ನಮ್ಮದು' ಎನ್ನಲು ಎರಡು ಮಾತುಗಳಿವೆ. ಕೇಳುವವನನ್ನು ಹೊರಗಿಟ್ಟು ಹೇಳುವಾಗ 'ಮಾದಿ', ಅವನನ್ನೂ ಒಳಗೆ ಸೇರಿಸಿಕೊಂಡಾಗ 'ಮನದಿ'. ಮನೆಗೆ ಬಂದ ನೆಂಟನಿಗೆ 'ಇದು ನಮ್ಮ ಮನೆ' ಎನ್ನುವಾಗ 'ಮಾ ಇಲ್ಲು'. ಅಣ್ಣ ತಮ್ಮನಿಗೆ 'ನಮ್ಮ ಮನೆ' ಎನ್ನುವಾಗ 'ಮನ ಇಲ್ಲು'. ನಮ್ಮ ಆಡುಗನ್ನಡದ 'ನಮ್ದು' ಈ ಎರಡಕ್ಕೂ ಸಾಕು. ಹುಡುಗ ಅನುವಾದ ಮಾಡುವಾಗ ಕನ್ನಡದಲ್ಲಿ ಇಲ್ಲದ ಆಯ್ಕೆಯೊಂದು ಎದುರಾಯಿತು. ಅವನು ಒಳಗೆ ಸೇರಿಸಿಕೊಳ್ಳುವ 'ಮನ'ವನ್ನೇ ಹಿಡಿದ. ಬೆಂಗಳೂರನ್ನು ಕಣ್ಣಾರೆ ಕಾಣದ ಹುಡುಗ ಬೆಂಗಳೂರಿನ ಕಪ್ಪಿನಲ್ಲಿ ತನಗೂ ನನಗೂ ಪಾಲು ಹಚ್ಚಿದ್ದ.

ಇಂಥವನನ್ನು ನಾವು 'ಅಭಿಮಾನಿ' ಎನ್ನುತ್ತೇವೆ. ತೆಲುಗಿನಲ್ಲೂ ಅದೇ ಮಾತು. ಆರ್‌ಟಿಸಿ ಕ್ರಾಸ್‌ರೋಡ್ಸಿನ ಚಿತ್ರಮಂದಿರಗಳ ಮುಂದೆ ಕಟೌಟಿಗೆ ಹಾರ ಹಾಕುವವನೂ ಅಭಿಮಾನಿಯೇ, ಇನ್ನೂ ಒಂದು ಹೆಜ್ಜೆ ಮುಂದಿದ್ದರೆ ವೀರಾಭಿಮಾನಿ. ಪದ ತೀರಾ ಸವೆದುಹೋಗಿದೆ. ಆದರೆ ಆ ಸಂಜೆ ಅದರ ಹಳೆಯ ಅರ್ಥವೇ ಅಂಗಿ ತೊಟ್ಟು ನನ್ನ ಪಕ್ಕದಲ್ಲಿ ಕೂತಂತಿತ್ತು.

'ಮನ್' ಎಂಬ ಧಾತುವಿಗೆ ಎಣಿಸು, ಭಾವಿಸು ಎಂದರ್ಥ. ಮನಸ್ಸು, ಮತಿ, ಮತ, ಸಮ್ಮಾನ ಎಲ್ಲ ಈ ಬೇರಿನವೇ. (ಉಷ್ಣಮಾನದ 'ಮಾನ' ಬೇರೆ, ಅದು ಅಳೆಯುವ 'ಮಾ' ಧಾತುವಿನಿಂದ ಬಂದದ್ದು.) 'ಅಭಿ' ಎಂದರೆ ಕಡೆಗೆ. ಒಂದರ ಕಡೆಗೆ ಮನಸ್ಸು ಚಾಚಿ ಅದು ನಾನು, ಅದು ನನ್ನದು ಎಂದು ಎಣಿಸುವುದೇ ಅಭಿಮಾನ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಅಹಂಕಾರವೆಂದರೇನು ಎಂದು ಹೇಳುವಾಗ ಬಳಸಿದ್ದು ಈ ಪದವನ್ನೇ. ಅದ್ವೈತಿಗಳಿಗೆ ಇದು ಎಚ್ಚರಿಕೆಯ ಮಾತು. ದೇಹ ನಾನಲ್ಲದಿದ್ದರೂ ನಾನೆಂದು ಭ್ರಮಿಸುವುದು ದೇಹಾಭಿಮಾನ, ಬಿಡಬೇಕಾದದ್ದು.

ದ್ವೈತಿಗಳ ಕೈಯಲ್ಲಿ ಪದ ಬೇರೆ ಹಾದಿ ಹಿಡಿಯಿತು. ಒಂದೊಂದು ತತ್ತ್ವಕ್ಕೂ ಒಬ್ಬ ಅಭಿಮಾನಿ ದೇವತೆ. ಕಣ್ಣಿಗೆ ಸೂರ್ಯ, ಉಸಿರಿಗೆ ವಾಯು, ಮಾತಿಗೆ ಅಗ್ನಿ. ಆ ವಸ್ತುವನ್ನು ತನ್ನದೆಂದುಕೊಂಡು, ಒಳಗೆ ನಿಂತು ನಡೆಸುವವನು ಅಭಿಮಾನಿ. ಹೀಗೆ ನನ್ನದೆನ್ನುವವನ ಹೆಗಲ ಮೇಲೆ ಹೊಣೆಯೂ ಬಂತು. ಈ ವಿಚಾರವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದವರು ಹರಿಕಥಾಮೃತಸಾರ ಬರೆದ ಮಾನ್ವಿಯ ಜಗನ್ನಾಥದಾಸರು. ಮಾನ್ವಿ ಇರುವುದು ರಾಯಚೂರು ಜಿಲ್ಲೆಯಲ್ಲಿ. 1956ರವರೆಗೆ ರಾಯಚೂರಿಗೆ ರಾಜಧಾನಿ ಈ ಹೈದರಾಬಾದೇ.

ಜಗನ್ನಾಥದಾಸರಿಗೂ ಎಂಟು ಶತಮಾನ ಹಿಂದೆ ಇದೇ ಸೀಮೆಯಲ್ಲಿ ಪದಕ್ಕೆ ಇನ್ನೊಂದು ಮುಖವಿತ್ತು. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡದಲ್ಲಿ, ಅಪಭ್ರಂಶದ ಮಹಾಕವಿ ಪುಷ್ಪದಂತನಿದ್ದ. ಅವನು ತನ್ನನ್ನು ಕರೆದುಕೊಂಡದ್ದು 'ಅಭಿಮಾನಮೇರು' ಎಂದು. ಮಾನದಲ್ಲಿ ಮೇರುಪರ್ವತ, ಯಾರೆದುರೂ ತಲೆ ತಗ್ಗಿಸದವನು. ಅವನಿಗಿಂತ ತುಸು ಮೊದಲು, ಹೈದರಾಬಾದಿನಿಂದ ಒಂದು ಹಗಲಿನ ಪ್ರಯಾಣದಲ್ಲಿ ಹೋಗಿ ಬರಬಹುದಾದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ ಪಂಪ ಕನ್ನಡ ಭಾರತ ಬರೆದಿದ್ದ. ಕನ್ನಡದ ಆದಿಕವಿ ಕಾವ್ಯ ಬರೆದ ಊರು ಈಗ ತೆಲಂಗಾಣದಲ್ಲಿದೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಇದು ದಿನವೂ ನೆನಪಾಗುವ ಸಂಗತಿ. ಗಡಿಗಳು ಬಂದದ್ದು ಆಮೇಲೆ.

ಒಂದೇ ಪದ ಅಕ್ಕಪಕ್ಕದ ಭಾಷೆಗಳಲ್ಲಿ ಹೇಗೆ ಬಣ್ಣ ಬದಲಿಸಿದೆ ನೋಡಿ. ಹಿಂದಿಯಲ್ಲಿ 'ಅಭಿಮಾನ್' ಎಂದರೆ ಹೆಚ್ಚಾಗಿ ಗರ್ವ, ಬೈಗುಳಕ್ಕೆ ಹತ್ತಿರ. ಮರಾಠಿಯಲ್ಲಿ ಎದೆಯುಬ್ಬಿಸಿ ಹೇಳುವ ಹೆಮ್ಮೆ. ತೆಲುಗಿನಲ್ಲಿ ಮಾನದ ಜೊತೆಗೆ ಅಕ್ಕರೆಯೂ ಸೇರಿಕೊಂಡಿತು. ಬಂಗಾಳಿಯ 'ಅಭಿಮಾನ್' ಮಾತ್ರ ಬಲು ಸೂಕ್ಷ್ಮ: ತನ್ನವರೆಂದು ನಂಬಿದವರೇ ನೋಯಿಸಿದಾಗ ಹುಟ್ಟುವ ಮೌನದ ಮುನಿಸು. ಪರಕೀಯರ ಮೇಲೆ ಕೋಪ ಬರಬಹುದು, ಬಂಗಾಳಿಯ ಅಭಿಮಾನ ಬರಲಾರದು. ಎಲ್ಲ ಅರ್ಥಗಳ ಬುಡದಲ್ಲೂ ಅದೇ 'ನನ್ನದು' ಕೂತಿದೆ. ಅದು ಬೀಗಿದರೆ ಹಿಂದಿಯದು, ನೊಂದರೆ ಬಂಗಾಳಿಯದು.

ಕನ್ನಡದಲ್ಲಿ ಬಹುಕಾಲ ಅಭಿಮಾನಕ್ಕೆ ಹಿಂದೆ ಇನ್ನೊಂದು ಪದ ಬೇಕಿತ್ತು: ಸ್ವಾಭಿಮಾನ, ದುರಭಿಮಾನ, ದೇಶಾಭಿಮಾನ, ಭಾಷಾಭಿಮಾನ. ನಿಜಾಮರ ಕಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೇ ಉರ್ದುವಿನಲ್ಲಿ ನಡೆಯುತ್ತಿದ್ದಾಗ ಇಲ್ಲಿ ಭಾಷಾಭಿಮಾನಿ ಎನಿಸಿಕೊಳ್ಳುವುದು ಸುಲಭವಿರಲಿಲ್ಲ. ಚಂದಾ ಎತ್ತಬೇಕು, ಶಾಲೆ ಕಟ್ಟಬೇಕು, ಮಕ್ಕಳನ್ನು ಕರೆತಂದು ಕೂರಿಸಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಅಂಥ ಅಭಿಮಾನಿಗಳ ಕೈಕೆಲಸ. ಹಿಂದಿನ ಪದವನ್ನೆಲ್ಲ ಕಳಚಿ, ಬರಿಯ 'ಅಭಿಮಾನಿ' ಎಂದರೆ ಸಾಕು ಎಂಬಂತಾದದ್ದು ಸಿನಿಮಾದಿಂದ. ರಾಜ್‌ಕುಮಾರ್ ವೇದಿಕೆ ಹತ್ತಿದರೆ ಕೈಮುಗಿದು 'ಅಭಿಮಾನಿ ದೇವರುಗಳೇ' ಎನ್ನುತ್ತಿದ್ದರು. ಅವರು ದಾಸರ ಪದವನ್ನು ತಿಳಿದೇ ಬಳಸಿದರೋ ಇಲ್ಲವೋ, ಜೋಡಿ ಮಾತ್ರ ಅದೇ: ಅಭಿಮಾನಿ, ದೇವರು. ದಾಸರ ಲೋಕದಲ್ಲಿ ದೇವತೆ ನಮ್ಮ ಕಣ್ಣು ಕಿವಿಗಳನ್ನು ತನ್ನದೆಂದುಕೊಂಡಿದ್ದ. ಅಣ್ಣಾವ್ರ ಲೋಕದಲ್ಲಿ ಗಾಂಧಿ ಕ್ಲಾಸಿನಲ್ಲಿ ಕೂತ ಕೂಲಿಯವನು ನಾಯಕನನ್ನು ತನ್ನವನೆಂದುಕೊಂಡ, ಆದ್ದರಿಂದಲೇ ದೇವರಾದ. ಕನ್ನಡದಲ್ಲಿ ಒಂದು ಪದ ಇಷ್ಟು ಎತ್ತರಕ್ಕೆ ಏರಿದ್ದು ಅಪರೂಪ.

ದೇವರು ಬೇರೆ ಭಾಷೆಗಳಲ್ಲೂ ಈ ಗುಂಪಿನ ಬೆನ್ನು ಬಿಟ್ಟಿಲ್ಲ. ಇಂಗ್ಲಿಷಿನ 'ಫ್ಯಾನ್' ಬಂದದ್ದು 'ಫನಾಟಿಕ್' ಎಂಬುದರಿಂದ, ಅದರ ಮೂಲ ಲ್ಯಾಟಿನ್ನಿನ 'ಫಾನುಮ್', ಅಂದರೆ ಗುಡಿ. ಗುಡಿಯಲ್ಲಿ ಮೈದುಂಬಿದವನೇ ಫನಾಟಿಕ್. ಅಮೆರಿಕದ ಪತ್ರಿಕೆಗಳು 1880ರ ದಶಕದ ಕೊನೆಗೆ ಅದನ್ನು ಮೊಟಕುಗೊಳಿಸಿ ಬೇಸ್‌ಬಾಲ್ ನೋಡುವ ಮಂದಿಗೆ ಅಂಟಿಸಿದವು. ನಮ್ಮ ಹೈದರಾಬಾದಿನ 'ದೀವಾನಾ' ಫಾರ್ಸಿಯದು. ಒಳಗಿರುವುದು 'ದೀವ್', ಮೈಮೇಲೆ ಬರುವ ಭೂತ. ಆ ದೀವ್ ನಮ್ಮ 'ದೇವ'ನ ದಾಯಾದಿಯೇ. ಇರಾನಿನವರಿಗೆ ಅವನು ದೈತ್ಯನಾದ, ನಮಗೆ ದೇವರಾದ. ಆದರೂ ಒಂದು ವ್ಯತ್ಯಾಸವಿದೆ. ಫ್ಯಾನ್, ದೀವಾನಾ ಎರಡರಲ್ಲೂ ಯಾವುದೋ ಶಕ್ತಿ ಮನುಷ್ಯನನ್ನು ಹಿಡಿದಿದೆ. ಅಭಿಮಾನಿಯಲ್ಲಿ ಮನುಷ್ಯನೇ ಚಾಚಿ ಹಿಡಿದಿದ್ದಾನೆ. ನನಗೆ ನಮ್ಮ ಪದ ಹೆಚ್ಚು ಸರಿ ಎನಿಸುವುದು ಇದಕ್ಕೇ.

ಆಟ ಅಷ್ಟೇನೂ ಗೊತ್ತಿಲ್ಲದವರು ಹೆಸರಾದ ತಂಡದ ಹಿಂದೆಯೇ ಏಕೆ ಹೋಗುತ್ತಾರೆ ಎಂದು ಬಲ್ಲವರು ಮೂಗು ಮುರಿಯುವುದುಂಟು. ಹಾಗೆ ಮುರಿಯುವವರ ಜೊತೆ ನಾನಿಲ್ಲ. ಚಾಚುವ ಕೈಗೆ ಮೊದಲು ಎಟುಕಬೇಕಲ್ಲ. 1976ರ ಕೊನೆಗೆ ಟೆಡ್ ಟರ್ನರ್ ತನ್ನ ಟಿವಿ ವಾಹಿನಿಯನ್ನು ಉಪಗ್ರಹಕ್ಕೇರಿಸಿದ ಮೇಲೆ ಅಟ್ಲಾಂಟಾ ಬ್ರೇವ್ಸ್ ತಂಡದ ಬೇಸ್‌ಬಾಲ್ ಅಮೆರಿಕದ ಮೂಲೆಮೂಲೆಯ ಮನೆಗೆ ಬಂತು. ಆ ಊರನ್ನೇ ಕಾಣದವರು ಆ ತಂಡದವರಾದರು. ಶಿಕಾಗೋ ಕಬ್ಸ್ ತಂಡಕ್ಕೂ ಹೀಗೇ ದೂರದ ಬಂಧುಗಳು ಹುಟ್ಟಿದರು. 108 ವರ್ಷ ಕಪ್ಪಿಲ್ಲದೆ ಕಾದು 2016ರಲ್ಲಿ ಗೆದ್ದ ತಂಡ ಅದು. ಕೋಹ್ಲಿ ದೆಹಲಿಯವನಾದರೂ 2008ರಿಂದ ಒಂದೇ ಅಂಗಿಯಲ್ಲಿ, ಪ್ರತಿ ಬೇಸಿಗೆಯಲ್ಲೂ ನಮ್ಮ ನಡುಮನೆಯಲ್ಲಿ ನಿಂತಿದ್ದಾನೆ. ಹೈದರಾಬಾದಿನ ಗತಿಯೇ ಬೇರೆ. 2009ರಲ್ಲಿ ಕಪ್ಪೆತ್ತಿದ ಡೆಕ್ಕನ್ ಚಾರ್ಜರ್ಸ್ 2012ಕ್ಕೆ ಅಳಿಸಿಹೋಯಿತು. ಹೊಸ ಹೆಸರು, ಹೊಸ ಬಣ್ಣ, ಚೆನ್ನೈನ ಒಡೆಯರೊಂದಿಗೆ ಸನ್‌ರೈಸರ್ಸ್ ಬಂತು. ಟೋಲಿಚೌಕಿಯ ಹುಡುಗ ಸಿರಾಜ್ ಒಂದು ವರ್ಷ ಕಿತ್ತಳೆ ತೊಟ್ಟು, ಆಮೇಲೆ ಏಳು ವರ್ಷ ಕೆಂಪು ತೊಟ್ಟ. ಊರಿನವನೇ ಆ ಕಡೆ ಬೌಲ್ ಮಾಡುವಾಗ ಊರವರು ಯಾವ ಕಡೆ ಕೂಗಬೇಕು?

1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ಹುಡುಗರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ಮರುವಾರ ಕಾಲೇಜಿನ ಹೆಸರಿರುವ ಅಂಗಿ ಹಾಕುವವರು ಹೆಚ್ಚುತ್ತಿದ್ದರು. ಗೆದ್ದಾಗ 'ನಾವು ಗೆದ್ದೆವು' ಎನ್ನುವವರೇ ಸೋತಾಗ 'ಅವರು ಸೋತರು' ಎನ್ನುವುದು ಕಂಡಿತು. ಸರ್ವನಾಮವನ್ನೇ ಹಿಡಿದು ಮನಸ್ಸನ್ನು ಅಳೆದ ಈ ಬಗೆ ನನಗೆ ಮೆಚ್ಚು. ಆದರೆ ಬೆಂಗಳೂರಿನ ಕೆಂಪು ಅಂಗಿಗೆ ಈ ಲೆಕ್ಕ ಹತ್ತುವುದಿಲ್ಲ. 2009, 2011, 2016, ಮೂರು ಫೈನಲ್ ಸೋತ ತಂಡ. ಅದರಲ್ಲಿ ಎರಡು ಸೋಲು ಹೈದರಾಬಾದಿನ ಕೈಯಲ್ಲೇ. 2016ರಲ್ಲಂತೂ ಸ್ವಂತ ಚಿನ್ನಸ್ವಾಮಿಯಲ್ಲಿ, ಎಂಟೇ ರನ್ನಿಗೆ. ಸೋತಷ್ಟೂ 'ನಮ್ದೇ' ಎಂಬ ಕೂಗು ಏರಿತು. ಗೆಲುವಿನ ಬಿಸಿಲು ಕಾಯಲು ಬಂದವರು ಇಷ್ಟು ವರ್ಷ ನಿಲ್ಲುವುದಿಲ್ಲ. ಇದರಲ್ಲಿ ಬಂಗಾಳಿಯ ಅಭಿಮಾನವಿದೆ.

2009ರ ಫೈನಲನ್ನು ನಾನು ನೋಡಿದ್ದು ನಮ್ಮ ಮಾವನವರ ಜೊತೆ. ಚುನಾವಣೆಯಿಂದಾಗಿ ಆ ವರ್ಷದ ಆಟವೆಲ್ಲ ದಕ್ಷಿಣ ಆಫ್ರಿಕಾದಲ್ಲಿ ನಡೆದು, ಫೈನಲ್ ಜೋಹಾನ್ಸ್‌ಬರ್ಗಿನಲ್ಲಿತ್ತು. ಮಾವ ಹುಟ್ಟಿದ್ದು ರಾಯಚೂರಿನಲ್ಲಿ. ಕಾಲೇಜಿಗೆಂದು ಹೈದರಾಬಾದಿಗೆ ಬಂದಾಗ ಅದು ಅವರದೇ ರಾಜ್ಯದ ರಾಜಧಾನಿ. 1956ರಲ್ಲಿ ಊರು ಮೈಸೂರಿಗೆ ಸೇರಿತು, ಇವರು ಇಲ್ಲೇ ಉಳಿದರು. ಮೊದಲ ಓವರಿನಲ್ಲೇ ಕುಂಬ್ಳೆ ಗಿಲ್‌ಕ್ರಿಸ್ಟನನ್ನು ಸೊನ್ನೆಗೆ ಕಳಿಸಿದಾಗ ಮಾವ ಕುರ್ಚಿಯಿಂದ ಎದ್ದು ನಿಂತರು. ಗಿಬ್ಸ್ ಅರ್ಧಶತಕ ಹೊಡೆದಾಗ ಚಪ್ಪಾಳೆ ತಟ್ಟಿದರು. ಕುಂಬ್ಳೆ 16 ರನ್ನಿಗೆ ನಾಲ್ಕು ಕಿತ್ತಾಗ ಮತ್ತೆ ಎದ್ದರು. ಕೊನೆಗೆ ಡೆಕ್ಕನ್ ಆರು ರನ್ನಿಂದ ಗೆದ್ದಾಗ ಅತ್ತೆಯವರನ್ನು ನಿದ್ದೆಯಿಂದ ಎಬ್ಬಿಸಿದರು. ಮಾವ, ನೀವು ಯಾರ ಕಡೆ ಎಂದೆ. "ಯಾಕ, ಒಂದ ಆರಿಸ್ಕೊಳ್ಳಾಕಬೇಕೇನು?" ಎಂದು ತಿರುಗಿ ಕೇಳಿದರು. ಸಿಟ್ಟೇ ಇತ್ತು ಆ ದನಿಯಲ್ಲಿ. ಒಮ್ಮೆ ಅವರ ಪರವಾಗಿ ನಕ್ಷೆಯೇ ಆರಿಸಿತ್ತು. ಎರಡನೇ ಸಲ ಆರಿಸುವ ಮನಸ್ಸು ಅವರಿಗಿರಲಿಲ್ಲ.

ಮೇ 18ರ ಆ ರಾತ್ರಿ ಉಪ್ಪಲ್‌ನಲ್ಲಿ ಸನ್‌ರೈಸರ್ಸಿನ ಕ್ಲಾಸನ್ ನೂರ ನಾಲ್ಕು ಹೊಡೆದ, ಮೈದಾನ ಮನಸಾರೆ ಕೂಗಿತು. ಆಮೇಲೆ ಕೋಹ್ಲಿ ಸಿಕ್ಸರ್‌ನೊಂದಿಗೆ ನೂರು ಮುಟ್ಟಿದಾಗ ಆ ಕೂಗು ಚಿಕ್ಕದೆನಿಸುವಂತಾಯಿತು. ಕಿತ್ತಳೆ ತೊಟ್ಟವರೂ ಎದ್ದಿದ್ದರು. ನನ್ನ ಪಕ್ಕದ ಹುಡುಗನಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ, ತುಟಿ ಮಾತ್ರ ಕನ್ನಡದಲ್ಲಿ ಆಡುತ್ತಿತ್ತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿಂದ ಸೋಲಿಸಿ ಬೆಂಗಳೂರು ಕೊನೆಗೂ ಗೆದ್ದಿತು, ಹದಿನೆಂಟನೇ ವರ್ಷದಲ್ಲಿ. ಆ ಹುಡುಗನಿಗೆ ಅಷ್ಟರಲ್ಲಿ ಕೆಲಸ ಸಿಕ್ಕಿತ್ತು, ಮನೆ ಬದಲಾಯಿಸಿದ್ದ. ನಡುರಾತ್ರಿ ಫೋನ್ ಮಾಡಿ ಮೂರೇ ಮಾತು: "ಅಂಕಲ್, ಕಪ್ಪು ಮನದೇ!"

ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು, ಹೆಚ್ಚಿನವರು ಎಳೆಯರು. ಸಂಜೆ ಮತ್ತೆ ಅವನ ಫೋನ್ ಬಂತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ಮನವಾಳ್ಳು ಪದಕೊಂಡು ಮಂದಿ ಪೋಯಾರಂಟ ಅಂಕಲ್." ನಮ್ಮವರು ಹನ್ನೊಂದು ಮಂದಿ ಹೋದರಂತೆ.